ಪೇಜ್ ಪಬ್ಲಿಷ್ ಆಗಿದೆ, ಮೆನುವಲ್ಲಿ ಮಾತ್ರ ಕಾಣ್ತಿಲ್ಲ, ಯಾಕೆ?

ಪ್ರಶ್ನೆ: ನಮ್ಮ ಚರ್ಚಿನ ವೆಬ್‌ಸೈಟ್ ವರ್ಡ್‌ಪ್ರೆಸ್ಸಲ್ಲಿದೆ. ಪವಿತ್ರ ವಾರದ (ಈಸ್ಟರ್‌ಗೆ ಮುಂಚಿನ ವಾರ) ಪೂಜೆ ಟೈಮಿಂಗ್ಸ್‌ಗೆ ಅಂತ ಹೊಸ ಪೇಜ್ ಮಾಡಿ ಪಬ್ಲಿಷ್ ಕೊಟ್ಟೆ, ಲಿಂಕ್ ಒತ್ತಿದ್ರೆ ತೆರೆಯುತ್ತೆ, ಆದ್ರೆ ಮೆನುವಲ್ಲಿ ಬಂದಿಲ್ಲ. ಮೆನು ಬೇರೆ ಈಗಾಗ್ಲೇ ಎರಡು ಸಾಲು ಆಗ್ಬಿಟ್ಟಿದೆ. ಏನ್ ಮಾಡ್ಲಿ?

ಉತ್ತರ: ನೀವು ತಪ್ಪೇನೂ ಮಾಡಿಲ್ಲ, ವರ್ಡ್‌ಪ್ರೆಸ್ಸಲ್ಲಿ ಪೇಜೇ ಬೇರೆ ಮೆನುನೇ ಬೇರೆ. ಪಬ್ಲಿಷ್ ಆಯ್ತು ಅಂದ್ರೆ ಪೇಜಿಗೆ ಒಂದು ವಿಳಾಸ ಸಿಕ್ತು ಅಷ್ಟೇ, ಮೆನುಗೆ ನಾವೇ ಸೇರಿಸ್ಬೇಕು. ಹಳೇ ಥರದ ಥೀಮ್ (ಸೈಟಿನ ವಿನ್ಯಾಸ) ಆದ್ರೆ ಅಪಿಯರೆನ್ಸ್ ಒಳಗೆ ಮೆನುಸ್‌ಗೆ ಹೋಗಿ, ಎಡಗಡೆ ಪಟ್ಟೀಲಿ ನಿಮ್ಮ ಪೇಜಿಗೆ ಟಿಕ್ ಹಾಕಿ, ಆ್ಯಡ್ ಟು ಮೆನು ಒತ್ತಿ, ಎಲ್ಲಿ ಬೇಕೋ ಅಲ್ಲಿಗೆ ಎಳೆದಿಟ್ಟು ಸೇವ್ ಮೆನು ಕೊಡಿ, ಸ್ವಲ್ಪ ಬಲಕ್ಕೆ ಎಳೆದ್ರೆ ಮೇಲಿನದರ ಸಬ್‌ಮೆನು ಆಗುತ್ತೆ. ಹೊಸ ಬ್ಲಾಕ್ ಥೀಮ್ ಆದ್ರೆ ಮೆನುಸ್ ಸಿಗೋದಿಲ್ಲ, ಅಪಿಯರೆನ್ಸ್, ಎಡಿಟರ್, ಆಮೇಲೆ ನ್ಯಾವಿಗೇಷನ್. ಅಲ್ಲಿ ಪೇಜ್ ಲಿಸ್ಟ್ ಅನ್ನೋ ಬ್ಲಾಕ್ ಇದ್ರೆ ಉಲ್ಟಾ ಕಥೆ, ಪಬ್ಲಿಷ್ ಮಾಡಿದ್ದೆಲ್ಲ ತಾನಾಗೇ ಬಂದು ಕೂರುತ್ತೆ. ಪೇಜ್ ಎಡಿಟ್ ಮಾಡುವಾಗ ಕಾಣೋ ಪೇರೆಂಟ್ ಸೆಟ್ಟಿಂಗ್ (ಈ ಪೇಜ್ ಯಾವ ಪೇಜಿನ ಕೆಳಗೆ ಅನ್ನೋದು) ಬದಲಾಯಿಸಿದ್ರೆ ಪೇಜಿನ ವಿಳಾಸ ಬದಲಾಗುತ್ತೆ, ನೀವು ಕೈಯಾರೆ ಜೋಡಿಸಿದ ಮೆನು ಇದ್ದಂಗೇ ಇರುತ್ತೆ.

ಈಗ ಎರಡು ಸಾಲಿನ ಮೆನು ವಿಷ್ಯ, ನನಗೆ ನಿಜವಾಗ್ಲೂ ಕಾಳಜಿ ಇರೋದು ಇದರ ಬಗ್ಗೆ. ಯುವಜನರ ಸಂಘ ಒಂದು ಟ್ಯಾಬ್ ಕೇಳುತ್ತೆ, ವಿನ್ಸೆಂಟ್ ಡಿ ಪೌಲ್ ಸಂಘದವರು ಒಂದು, ಮರಿಯಾಳ ಸೇನೆ ಅನ್ನೋ ಸಂಘದವರು ಒಂದು, ಗಾಯನ ಮಂಡಳಿಗೂ ಒಂದು, ಯಾರಿಗೂ ಇಲ್ಲ ಅನ್ನೋಕಾಗದೆ ಎಲ್ಲಾ ಮೇಲ್ಗಡೆನೇ ಬಂದಿರುತ್ತೆ. ಆದ್ರೆ ರಾತ್ರಿ ಮನೇಲಿ ಸಾವಾಗಿ ಗುರುಗಳ ಫೋನ್ ನಂಬರ್ ಹುಡುಕೋರಿಗೆ, ಹೊಸದಾಗಿ ಊರಿಗೆ ಬಂದು ಕನ್ನಡ ಪೂಜೆ ಎಷ್ಟೊತ್ತಿಗೆ ಕೊಂಕಣಿ ಎಷ್ಟೊತ್ತಿಗೆ ಅಂತ ನೋಡೋರಿಗೆ, ಮದುವೆಗೆ ಏನೇನು ಪೇಪರ್ ಬೇಕು ಅಂತ ಕೇಳೋರಿಗೆ ಮೊದಲು ಜಾಗ ಕೊಡ್ಬೇಕು. ಪೂಜೆ ಸಮಯ, ಸಂಸ್ಕಾರಗಳು (ಜ್ಞಾನಸ್ನಾನ, ಮದುವೆ ಇತ್ಯಾದಿ), ಪ್ರಕಟಣೆ, ನಮ್ಮ ಧರ್ಮಕೇಂದ್ರ (ಅಂದ್ರೆ ಪ್ಯಾರಿಷ್), ಸಂಪರ್ಕ, ಇಷ್ಟು ಸಾಕು. ಸಂಘಗಳೆಲ್ಲ ‘ನಮ್ಮ ಧರ್ಮಕೇಂದ್ರ’ದ ಒಳಗೆ, ಇತಿಹಾಸ, ವಾರ್ಡುಗಳ ಜೊತೆ. ಮದುವೆ ಪೇಜಲ್ಲಿ ಜ್ಞಾನಸ್ನಾನದ ಸರ್ಟಿಫಿಕೇಟ್, ಮದುವೆ ತಯಾರಿ ಶಿಬಿರ, ಎಷ್ಟು ಮುಂಚೆ ಗುರುಗಳನ್ನ ಕಾಣ್ಬೇಕು ಅನ್ನೋದನ್ನ ಬರೆದ್ರೆ ಆಫೀಸಿಗೆ ಬರೋ ಫೋನೇ ಕಮ್ಮಿ ಆಗುತ್ತೆ. ವಾರದ ಪ್ರಕಟಣೆಗೆಲ್ಲ ಪೇಜ್ ಬೇಡ, ಪೋಸ್ಟ್ (ತಾರೀಖಿನ ಪ್ರಕಾರ ಬರೋ ಬರಹ) ಮಾಡಿ.

ಪವಿತ್ರ ವಾರಕ್ಕೆ ಪ್ರತಿ ವರ್ಷ ಹೊಸ ಪೇಜ್ ಮಾಡ್ಬೇಡಿ. ಈಸ್ಟರ್ 2025ರಲ್ಲಿ ಏಪ್ರಿಲ್ 20ಕ್ಕೆ ಇತ್ತು, 2026ರಲ್ಲಿ ಏಪ್ರಿಲ್ 5, ಹಳೇ ಪೇಜ್ ಗೂಗಲ್‌ನಲ್ಲಿ ಹಂಗೇ ಉಳಿದಿದ್ರೆ ಜನ ಅದನ್ನೇ ನಂಬ್ತಾರೆ. ಒಂದೇ ಪೇಜ್ ಇಟ್ಕೊಂಡು, ವಿಳಾಸದಲ್ಲಿ ಇಸವಿ ಹಾಕದೆ, ಒಳಗಿನ ಗರಿಗಳ ಭಾನುವಾರ, ಪವಿತ್ರ ಗುರುವಾರ, ಶುಭ ಶುಕ್ರವಾರದ ತಾರೀಖು ಟೈಮು ಮಾತ್ರ ಬದಲಾಯಿಸಿ. ಹಬ್ಬದ ಸೀಸನ್‌ನಲ್ಲಿ ಮೆನುಗೆ ಸೇರಿಸಿ, ಮುಗಿದ್ಮೇಲೆ ಮೆನುವಿಂದ ತೆಗೀರಿ.

ವಿಳಾಸ ಅಂದ್ನಲ್ಲ, ಪೇಜಿನ ಟೈಟಲ್ ಕನ್ನಡದಲ್ಲೇ ಇರ್ಲಿ, ಸ್ಲಗ್ (ವಿಳಾಸದ ಕೊನೇಲಿ ಬರೋ ಪೇಜಿನ ಹೆಸರು) ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡಿ. ಕನ್ನಡದ ಸ್ಲಗ್ ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದಾಗ ಸಾಮಾನ್ಯವಾಗಿ ಒಂದೊಂದು ಅಕ್ಷರವೂ, ಒಂದೊಂದು ಕಾಗುಣಿತದ ಚಿಹ್ನೆಯೂ ಬೇರೆ ಬೇರೆಯಾಗಿ ಪರ್ಸೆಂಟ್ ಗುರುತು ಸೇರಿದ 9 ಅಕ್ಷರ ಆಗುತ್ತೆ, ‘ಪವಿತ್ರ ವಾರದ ಪೂಜಾ ಸಮಯ’ ಅನ್ನೋದೇ 150 ದಾಟುತ್ತೆ, ವರ್ಡ್‌ಪ್ರೆಸ್ಸಲ್ಲಿ ಸ್ಲಗ್ಗಿಗೆ ಇರೋ ಮಿತಿ 200, ಉದ್ದ ಟೈಟಲ್ ಅರ್ಧಕ್ಕೇ ಕಟ್ ಆಗುತ್ತೆ. ಒಮ್ಮೆ ಕೊಟ್ಟ ಸ್ಲಗ್ ಮತ್ತೆ ಮುಟ್ಬೇಡಿ, ಪೋಸ್ಟಿಗಾದ್ರೆ ವರ್ಡ್‌ಪ್ರೆಸ್ ಹಳೇ ಲಿಂಕ್ ನೆನಪಿಟ್ಕೊಂಡು ಹೊಸದಕ್ಕೆ ಕಳಿಸುತ್ತೆ, ಪೇಜಿಗೆ ಆ ಸೌಲಭ್ಯ ಇಲ್ಲ, ನೋಟಿಸ್ ಬೋರ್ಡಲ್ಲಿ ಅಂಟಿಸಿದ ಕ್ಯೂಆರ್ ಕೋಡ್ ಸತ್ತೇ ಹೋಗ್ಬಹುದು.

ಮೆನುವಿಂದ ತೆಗೆಯೋಕೆ ಹೆದರ್ಬೇಡಿ, ಮೆನು ಐಟಂ ರಿಮೂವ್ ಮಾಡಿದ್ರೆ ಪೇಜ್ ಹೋಗಲ್ಲ. ಪೇಜನ್ನೇ ಟ್ರ್ಯಾಶ್‌ಗೆ ಹಾಕಿದ್ರೂ ಸಾಮಾನ್ಯವಾಗಿ 30 ದಿನ ಅಲ್ಲೇ ಇರುತ್ತೆ, ಅಷ್ಟರೊಳಗೆ ರಿಸ್ಟೋರ್ ಕೊಡಬಹುದು.