ಹದಿಮೂರಕ್ಕೆ ಹದಿಮೂರು ಗೆದ್ದೂ ಐದನೇ ಸ್ಥಾನ

2023ರ ನವೆಂಬರ್ 18. ಅಮೆರಿಕದ ಫ್ಲಾರಿಡಾ ರಾಜ್ಯದ ರಾಜಧಾನಿ ಟ್ಯಾಲಹಾಸಿಯಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ನಾರ್ತ್ ಅಲಬಾಮಾ ಎಂಬ ಸಣ್ಣ ತಂಡದ ಜತೆ ಆಡುತ್ತಿತ್ತು. ಯಾರು ಗೆಲ್ಲುತ್ತಾರೆ ಅನ್ನುವ ಕುತೂಹಲವೇ ಇಲ್ಲದ ಪಂದ್ಯ. ಮೊದಲ ಕ್ವಾರ್ಟರ್‌ನಲ್ಲಿ ಚೆಂಡು ಹಿಡಿದು ಓಡಿದ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ನಡೆಸುವ ಆಟಗಾರ) ಜೋರ್ಡಾನ್ ಟ್ರಾವಿಸ್ ಬಿದ್ದವನು ಮೇಲೇಳಲಿಲ್ಲ. ಕಾಲಿಗೆ ಬಿದ್ದ ಪೆಟ್ಟು ಎಂಥದೆಂದು ನೋಡಿದವರಿಗೇ ಗೊತ್ತಾಯಿತು. ತಂಡ 58–13ರಿಂದ ಗೆದ್ದಿತು, ಟ್ರಾವಿಸ್‌ನ ಸೀಸನ್ ಅಲ್ಲಿಗೆ ಮುಗಿಯಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಇಡೀ ತಂಡದ ಸೀಸನ್ ಕೂಡ ಅದೇ ಕಾಲಿನ ಲೆಕ್ಕಕ್ಕೆ ಸೇರಿತು.

ಈ ಫುಟ್‌ಬಾಲ್‌ಗೂ ನಮ್ಮ ಕಾಲ್ಚೆಂಡಿಗೂ ಹೆಸರಿನ ನಂಟಷ್ಟೇ. ಇದು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನುಗ್ಗುವ ಆಟ. ಕಾಲೇಜು ಅಂದ ತಕ್ಷಣ ನಮ್ಮ ಅಂತರ ಕಾಲೇಜು ಪಂದ್ಯಾವಳಿಯನ್ನು ನೆನೆಸಿಕೊಳ್ಳುವುದೂ ಬೇಡ: ಟ್ಯಾಲಹಾಸಿಯ ಕ್ರೀಡಾಂಗಣದಲ್ಲಿ ಆಗ ಸುಮಾರು 79,000 ಆಸನಗಳಿದ್ದವು. ಇಷ್ಟು ದೊಡ್ಡ ಆಟದಲ್ಲಿ ಚಾಂಪಿಯನ್ ಯಾರೆಂದು ತೀರ್ಮಾನಿಸುವ ರೀತಿ ಮಾತ್ರ ಮೊದಲಿನಿಂದಲೂ ವಿಚಿತ್ರ. ಮೇಲಿನ ದರ್ಜೆಯಲ್ಲಿ 2023ರಲ್ಲಿ 133 ತಂಡಗಳಿದ್ದವು. ಒಂದೊಂದು ತಂಡಕ್ಕೆ ಸಿಗುವುದು ಹನ್ನೆರಡು ಪಂದ್ಯ, ಅದರಲ್ಲೂ ಹೆಚ್ಚಿನವು ತನ್ನ ಕಾನ್ಫರೆನ್ಸ್ ಎಂಬ ಒಕ್ಕೂಟದೊಳಗೇ. ಎಲ್ಲರೂ ಎಲ್ಲರ ಜತೆ ಆಡುವುದು ಆಗದ ಮಾತು. ಐಪಿಎಲ್‌ನಲ್ಲಿ ನೆಟ್ ರನ್‌ರೇಟ್ ಎಷ್ಟೇ ತಲೆ ತಿಂದರೂ ಕೊನೆಗೆ ಅದು ಲೆಕ್ಕ. ಇಲ್ಲಿ ನಡೆಯುವುದು ಅಭಿಪ್ರಾಯ.

ಅಭಿಪ್ರಾಯದ ಈ ವ್ಯವಹಾರ ಶುರುವಾದದ್ದು 1936ರಲ್ಲಿ, ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪತ್ರಕರ್ತರ ಮತ ಕೇಳಿ ವಾರವಾರವೂ ಪಟ್ಟಿ ಪ್ರಕಟಿಸತೊಡಗಿದಾಗ. 1950ರಲ್ಲಿ ಕೋಚ್‌ಗಳ ಮತದ ಇನ್ನೊಂದು ಪಟ್ಟಿ ಬಂತು. ಸೀಸನ್ ಮುಗಿದ ಮೇಲೆ ಬೆಚ್ಚಗಿನ ಊರುಗಳಲ್ಲಿ ನಡೆಯುವ 'ಬೌಲ್' ಪಂದ್ಯಗಳಿದ್ದವು ನಿಜ. ಆದರೆ ಅವು ಪ್ರವಾಸಿಗರನ್ನು ಸೆಳೆಯಲು ಆಯಾ ಊರಿನವರು ಕಟ್ಟಿಕೊಂಡ ಜಾತ್ರೆಗಳು. ಮೊದಲ ಸ್ಥಾನದವರನ್ನೂ ಎರಡನೇ ಸ್ಥಾನದವರನ್ನೂ ಎದುರುಬದುರು ನಿಲ್ಲಿಸುವ ಹೊಣೆ ಯಾವ ಬೌಲ್‌ಗೂ ಇರಲಿಲ್ಲ. ಹೀಗಾಗಿ 1990, 1991, 1997ರಲ್ಲಿ ಎರಡು ಪಟ್ಟಿಗಳು ಇಬ್ಬಿಬ್ಬರು ಚಾಂಪಿಯನ್ನರನ್ನು ಘೋಷಿಸಿದವು.

2023ರ ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಅಧ್ಯಾಯವೊಂದಿದೆ. ಫ್ಲಾರಿಡಾ ಸ್ಟೇಟ್ ಈ ಅಭಿಪ್ರಾಯದ ತಕ್ಕಡಿಯಿಂದ ಎರಡು ಸಲ ಲಾಭ ಪಡೆದ ತಂಡ. 1947ರವರೆಗೆ ಅದು ಮಹಿಳಾ ಕಾಲೇಜು. ಫುಟ್‌ಬಾಲ್ ಶುರುವಾದದ್ದೇ ಆ ವರ್ಷ. 1976ರಲ್ಲಿ ಬಂದ ಕೋಚ್ ಬಾಬಿ ಬೌಡನ್ ಅದನ್ನು ದೇಶದ ಮುಂಚೂಣಿಗೆ ತಂದರು. 1993ರ ನವೆಂಬರ್‌ನಲ್ಲಿ ಫ್ಲಾರಿಡಾ ಸ್ಟೇಟ್ ನೋಟರ್ ಡೇಮ್ ಎದುರು 31–24ರಿಂದ ಸೋತಿತು. ಮರುವಾರವೇ ನೋಟರ್ ಡೇಮ್ ಬಾಸ್ಟನ್ ಕಾಲೇಜಿಗೆ ಎರಡು ಅಂಕದಿಂದ ಸೋತು ಕೂತಿತು. ಇಬ್ಬರದೂ ಒಂದೊಂದು ಸೋಲು, ಇಬ್ಬರೂ ತಮ್ಮ ತಮ್ಮ ಬೌಲ್ ಗೆದ್ದರು. ಎದುರುಬದುರು ಆಡಿದಾಗ ಗೆದ್ದದ್ದು ನೋಟರ್ ಡೇಮ್, ಮತ ಬಿದ್ದದ್ದು ಫ್ಲಾರಿಡಾ ಸ್ಟೇಟ್‌ಗೆ. ಬೌಡನ್ ಅವರ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು ಹೀಗೆ.

2000ದಲ್ಲಿ ಅದೇ ನಾಟಕ, ಪಾತ್ರಧಾರಿ ಬೇರೆ. ಆ ಹೊತ್ತಿಗೆ ಮತಗಳ ಜತೆ ಕಂಪ್ಯೂಟರ್ ಲೆಕ್ಕವನ್ನೂ ಕಲಸಿ ಇಬ್ಬರನ್ನು ಫೈನಲ್‌ಗೆ ಕಳಿಸುವ ಬಿಸಿಎಸ್ ಪದ್ಧತಿ (1998ರಿಂದ) ಬಂದಿತ್ತು. ಮಯಾಮಿ ಫ್ಲಾರಿಡಾ ಸ್ಟೇಟನ್ನು 27–24ರಿಂದ ಸೋಲಿಸಿತ್ತು, ಇಬ್ಬರ ಖಾತೆಯಲ್ಲೂ ಒಂದೇ ಸೋಲು. ಫೈನಲ್‌ಗೆ ಹೋದದ್ದು ಫ್ಲಾರಿಡಾ ಸ್ಟೇಟ್. ಅಲ್ಲಿ ಓಕ್ಲಹೋಮಾ ಎದುರು 13–2ರಿಂದ ಸೋತಿತು. ಆಗ ಟ್ಯಾಲಹಾಸಿಯಲ್ಲಿ ಯಾರೂ ಪದ್ಧತಿಯನ್ನು ಬೈದಂತಿಲ್ಲ.

ಬಿಸಿಎಸ್‌ಗೆ ಹೆಚ್ಚು ಪೆಟ್ಟು ಕೊಟ್ಟದ್ದು 2004. ಆಬರ್ನ್ ಒಂದೂ ಪಂದ್ಯ ಸೋಲಲಿಲ್ಲ. ಆದರೆ ಸದರ್ನ್ ಕ್ಯಾಲಿಫೋರ್ನಿಯಾ, ಓಕ್ಲಹೋಮಾ ಕೂಡ ಸೋತಿರಲಿಲ್ಲ, ಫೈನಲ್‌ನಲ್ಲಿದ್ದದ್ದು ಎರಡೇ ಜಾಗ. 2014ರ ಸೀಸನ್‌ನಿಂದ ನಾಲ್ಕು ತಂಡಗಳ ಪ್ಲೇಆಫ್ ಬಂತು. ಆಯ್ಕೆಯ ಕೆಲಸ ಮತ-ಕಂಪ್ಯೂಟರ್‌ಗಳ ಲೆಕ್ಕದಿಂದ ಹದಿಮೂರು ಜನರ ಸಮಿತಿಯ ಕೈಗೆ ಹೋಯಿತು. ಸಮಿತಿಯ ನಿಯಮಾವಳಿಯಲ್ಲಿ ಒಂದು ಸಾಲಿತ್ತು: ಮುಖ್ಯ ಆಟಗಾರರೋ ಕೋಚ್‌ಗಳೋ ಇಲ್ಲದಿರುವುದು ತಂಡದ ಮುಂದಿನ ಆಟಕ್ಕೆ ಪೆಟ್ಟು ಕೊಡುವಂತಿದ್ದರೆ ಅದನ್ನೂ ಗಮನಿಸಬಹುದು.

ಮೊದಲ ವರ್ಷವೇ ಆ ಸಾಲಿಗೆ ಪರೀಕ್ಷೆ ಬಂತು. ಒಹಾಯೊ ಸ್ಟೇಟ್‌ನ ಮೊದಲ ಕ್ವಾರ್ಟರ್‌ಬ್ಯಾಕ್ ಸೀಸನ್‌ಗೆ ಮುಂಚೆಯೇ ಗಾಯಗೊಂಡಿದ್ದ. ಎರಡನೆಯವನ ಪಾದದ ಕೀಲು ಮಿಷಿಗನ್ ಎದುರು ಮುರಿಯಿತು. ಮೂರನೆಯವನಾದ ಕಾರ್ಡೇಲ್ ಜೋನ್ಸ್ ಕಾನ್ಫರೆನ್ಸ್ ಫೈನಲ್‌ನಲ್ಲಿ ವಿಸ್ಕಾನ್ಸಿನ್‌ನ್ನು 59–0ಯಿಂದ ಮುಗಿಸಿದ. ಸಮಿತಿ ಒಹಾಯೊಗೆ ನಾಲ್ಕನೇ ಜಾಗ ಕೊಟ್ಟಿತು. ಅದೇ ತಂಡ ಅಲಬಾಮಾ, ಆರೆಗನ್ ಎರಡನ್ನೂ ಸೋಲಿಸಿ ಚಾಂಪಿಯನ್ ಆಯಿತು. ಮೊದಲ ಕ್ವಾರ್ಟರ್‌ಬ್ಯಾಕ್ ಇಲ್ಲದ ತಂಡವನ್ನು ಎಷ್ಟು ನಂಬಬಹುದು ಎನ್ನುವುದಕ್ಕೆ ಇದಕ್ಕಿಂತ ಉತ್ತರ ಬೇಕಿರಲಿಲ್ಲ.

2023ಕ್ಕೆ ಮರಳೋಣ. ಕೋಚ್ ಮೈಕ್ ನಾರ್ವೆಲ್ 2020ರಲ್ಲಿ ಬಂದಾಗ ಫ್ಲಾರಿಡಾ ಸ್ಟೇಟ್ ಹಾಳುಬಿದ್ದ ಮನೆ. ಮೊದಲ ವರ್ಷ 3–6 (ಮೂರು ಗೆಲುವು, ಆರು ಸೋಲು), ಎರಡನೇ ವರ್ಷ 5–7. ಮೂರನೇ ವರ್ಷ ಹತ್ತು ಗೆಲುವು. ನಾಲ್ಕನೇ ವರ್ಷದ ಮೊದಲ ಪಂದ್ಯದಲ್ಲೇ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಮೇಲೆ 45–24. ಕ್ಲೆಮ್ಸನ್‌ಗೆ ಹೋಗಿ ಓವರ್‌ಟೈಮ್‌ನಲ್ಲಿ 31–24. ಟ್ರಾವಿಸ್ ಬಿದ್ದ ಮುಂದಿನ ವಾರ ಎರಡನೇ ಕ್ವಾರ್ಟರ್‌ಬ್ಯಾಕ್ ಟೇಟ್ ರೋಡ್‌ಮೇಕರ್ ಹಳೇ ವೈರಿ ಫ್ಲಾರಿಡಾ ವಿಶ್ವವಿದ್ಯಾಲಯದ ಎದುರು 24–15ರಿಂದ ದಡ ಮುಟ್ಟಿಸಿದ. ಅವನ ತಲೆಗೂ ಪೆಟ್ಟಾಯಿತು. ಡಿಸೆಂಬರ್ 2ರಂದು ಷಾರ್ಲಟ್‌ನಲ್ಲಿ ತಂಡದ ಕಾನ್ಫರೆನ್ಸ್ ಆದ ಎಸಿಸಿಯ (ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್) ಫೈನಲ್ ಆಡಿಸಿದ್ದು ಮೊದಲ ವರ್ಷದ ಹುಡುಗ ಬ್ರಾಕ್ ಗ್ಲೆನ್. ಲೂಯಿವಿಲ್ ಮೇಲೆ 16–6. ಕಣ್ಣಿಗೆ ಹಬ್ಬವಾಗುವ ಆಟವೇನಲ್ಲ. ಆದರೆ ಎದುರಾಳಿಗೆ ಒಂದು ಟಚ್‌ಡೌನನ್ನೂ (ಚೆಂಡನ್ನು ಕೊನೆಯ ಗೆರೆ ದಾಟಿಸಿ ಗಳಿಸುವ ಅಂಕ) ಬಿಟ್ಟುಕೊಡದ ರಕ್ಷಣಾ ಪಡೆಯನ್ನು ನೋಡುವ ಕಣ್ಣಿದ್ದವರಿಗೆ ಅಲ್ಲಿ ಆಟವಿತ್ತು. ಹದಿಮೂರಕ್ಕೆ ಹದಿಮೂರು.

ಅದೇ ದಿನ ಅಲಬಾಮಾ, ಅಲ್ಲಿಯವರೆಗೆ ಮೊದಲ ಸ್ಥಾನದಲ್ಲಿದ್ದ ಜಾರ್ಜಿಯಾವನ್ನು 27–24ರಿಂದ ಸೋಲಿಸಿತ್ತು. ಸಮಿತಿಗೆ ಗಂಟು ಬಿದ್ದದ್ದು ಇಲ್ಲೇ. ಅಲಬಾಮಾಗೆ ಒಂದು ಸೋಲಿತ್ತು, ಅದೂ ಟೆಕ್ಸಸ್ ಎದುರು. ಅಲಬಾಮಾವನ್ನು ಒಳಗೆ ಬಿಟ್ಟರೆ ಅದನ್ನು ಸೋಲಿಸಿದ ಟೆಕ್ಸಸ್ ಹೊರಗಿರುವಂತಿಲ್ಲ. ಅಜೇಯರಾದ ಮಿಷಿಗನ್, ವಾಷಿಂಗ್ಟನ್ ಹೇಗೂ ಒಳಗೆ. ಮರುದಿನ ಪಟ್ಟಿ ಬಂತು: ಮಿಷಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮಾ. ಐದನೆಯದು ಫ್ಲಾರಿಡಾ ಸ್ಟೇಟ್. ದೊಡ್ಡ ಐದು ಕಾನ್ಫರೆನ್ಸ್‌ಗಳ ಪೈಕಿ ಒಂದರ ಅಜೇಯ ಚಾಂಪಿಯನ್ ಪ್ಲೇಆಫ್‌ನಿಂದ ಹೊರಗುಳಿದದ್ದು ಅದೇ ಮೊದಲು. ಟ್ರಾವಿಸ್ ಇಲ್ಲದ ತಂಡ ಅದೇ ತಂಡವಲ್ಲ ಎಂಬುದು ಸಮಿತಿಯ ಅಧ್ಯಕ್ಷ ಬೂ ಕಾರಿಗನ್ ಕೊಟ್ಟ ವಿವರಣೆಯ ಸಾರ. ತನ್ನ ಕಾಲು ಸೀಸನ್‌ನ ಆರಂಭದಲ್ಲೇ ಮುರಿದಿದ್ದರೆ ಚೆನ್ನಾಗಿತ್ತು, ಈ ತಂಡ ಬರೀ ಕ್ವಾರ್ಟರ್‌ಬ್ಯಾಕ್ ಅಲ್ಲವೆಂದು ಎಲ್ಲರಿಗೂ ಕಾಣುತ್ತಿತ್ತು ಎಂದು ಟ್ರಾವಿಸ್ ಬರೆದುಕೊಂಡ.

ಸಮಿತಿಯ ಪರ ಹೇಳುವ ಮಾತೂ ಇದೆ. ಅಲಬಾಮಾ ಸೆಮಿಫೈನಲ್‌ನಲ್ಲಿ ಮಿಷಿಗನ್‌ನ್ನು ಓವರ್‌ಟೈಮ್‌ವರೆಗೆ ಎಳೆದುಕೊಂಡು ಹೋಗಿ ಸೋತಿತು, ಮಿಷಿಗನ್ ಚಾಂಪಿಯನ್ ಆಯಿತು. ಆದರೆ ಆರೆಂಜ್ ಬೌಲ್‌ನಲ್ಲಿ ಫ್ಲಾರಿಡಾ ಸ್ಟೇಟ್ ಜಾರ್ಜಿಯಾ ಎದುರು 63–3ರಿಂದ ಸೋತದ್ದನ್ನು ಸಾಕ್ಷಿಯಾಗಿ ತೋರಿಸುವುದು ನನಗೆ ಒಪ್ಪಿಗೆಯಿಲ್ಲ. ಅವತ್ತು ಎರಡು ಡಜನ್‌ಗೂ ಹೆಚ್ಚು ಆಟಗಾರರು ಕಣಕ್ಕೇ ಇಳಿಯಲಿಲ್ಲ. ಕೆಲವರು ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಕಡೆ ಮುಖ ಮಾಡಿದ್ದರು, ಕೆಲವರು ಬೇರೆ ಕಾಲೇಜು ಹುಡುಕುತ್ತಿದ್ದರು. ಪ್ಲೇಆಫ್ ಸಿಕ್ಕಿದ್ದರೆ ಇವರಲ್ಲಿ ಬಹಳಷ್ಟು ಜನ ಆಡುತ್ತಿದ್ದರು.

ಆರೆಂಜ್ ಬೌಲ್‌ಗೆ ಮುಂಚೆಯೇ, ಡಿಸೆಂಬರ್ 22ರಂದು, ವಿಶ್ವವಿದ್ಯಾಲಯ ತನ್ನದೇ ಕಾನ್ಫರೆನ್ಸ್ ಎಸಿಸಿ ಮೇಲೆ ದಾವೆ ಹೂಡಿತು. ಟಿವಿ ಪ್ರಸಾರದ ಹಕ್ಕುಗಳನ್ನು 2036ರವರೆಗೆ ಕಾನ್ಫರೆನ್ಸ್‌ಗೆ ಬರೆದುಕೊಟ್ಟಿದ್ದ ಕರಾರು ಅದರ ಕೊರಳಿನ ಹಗ್ಗ. ದುಡ್ಡಿನ ಅಸಮಾಧಾನ ಹಳೆಯದು. ಆದರೆ ಎಸಿಸಿ ಗೆದ್ದರೂ ಪ್ಲೇಆಫ್ ಸಿಗದೆಂದ ಮೇಲೆ ಅದಕ್ಕೆ ಜನರ ಸಿಟ್ಟೂ ಸೇರಿಕೊಂಡಿತು. 2025ರ ಮಾರ್ಚ್‌ನಲ್ಲಿ ಆದಾಯ ಹಂಚಿಕೆ ಬದಲಾಗಿ ರಾಜಿಯಾಯಿತು.

ಹೊಟ್ಟೆ ಉರಿಸುವ ಸಂಗತಿಯೆಂದರೆ, ಪ್ಲೇಆಫ್‌ನ್ನು ಹನ್ನೆರಡು ತಂಡಗಳಿಗೆ ಹಿಗ್ಗಿಸುವ ತೀರ್ಮಾನ 2022ರಲ್ಲೇ ಆಗಿತ್ತು. ಜಾರಿಯಾದದ್ದು 2024ರಲ್ಲಿ. ನಾಲ್ಕರ ಪದ್ಧತಿಯ ಕಟ್ಟಕಡೆಯ ವರ್ಷಕ್ಕೆ ಫ್ಲಾರಿಡಾ ಸ್ಟೇಟ್ ಬಲಿಯಾಯಿತು. ಬಾಗಿಲು ಅಗಲವಾದ ವರ್ಷ ಅದರ ಲೆಕ್ಕ 2–10. ಬಾಗಿಲು ಅಗಲವಾದರೂ ಜಗಳ ನಿಲ್ಲಲಿಲ್ಲ. 2025ರ ಡಿಸೆಂಬರ್‌ನಲ್ಲಿ ಕೊನೆಯ ಜಾಗಕ್ಕೆ ಮಯಾಮಿಯೋ ನೋಟರ್ ಡೇಮೋ ಎಂಬ ಪ್ರಶ್ನೆ ಬಂದಾಗ ಸಮಿತಿ ಹಿಡಿದುಕೊಂಡದ್ದು ಎದುರುಬದುರಿನ ಫಲಿತಾಂಶವನ್ನು. ಮಯಾಮಿ ಗೆದ್ದಿತ್ತು, ಒಳಗೆ ಹೋಯಿತು. 1993ರಲ್ಲಿ ಕೈಕೊಟ್ಟ ವಾದವೇ ಈ ಸಲ ನೋಟರ್ ಡೇಮ್‌ಗೆ ತಿರುಗಿ ಬಡಿಯಿತು.

ಅದೇ 2025ರ ಆಗಸ್ಟ್ 30ರಂದು, ಸೀಸನ್‌ನ ಮೊದಲ ಪಂದ್ಯಕ್ಕೆ ಅಲಬಾಮಾ ಟ್ಯಾಲಹಾಸಿಗೆ ಬಂದಿತ್ತು. ಫ್ಲಾರಿಡಾ ಸ್ಟೇಟ್ 31–17ರಿಂದ ಗೆದ್ದಿತು. ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರು. ಸೀಸನ್ ಮುಗಿದಾಗ ಫ್ಲಾರಿಡಾ ಸ್ಟೇಟ್ 5–7ರಲ್ಲಿ ನಿಂತಿತ್ತು, ಅಲಬಾಮಾ ಮತ್ತೆ ಪ್ಲೇಆಫ್‌ನಲ್ಲಿತ್ತು.