ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ

ವಿದ್ಯುತ್ ವಾಹನದ ಬ್ಯಾಟರಿ ಎಂದೊಡನೆ ಲಿಥಿಯಂ, ನಿಕ್ಕಲ್, ಕೋಬಾಲ್ಟ್‌ಗಳ ಮಾತು ಬರುತ್ತದೆ. ಅಲ್ಯೂಮಿನಿಯಂನ ಹೆಸರೆತ್ತಿದರೂ ಅದು ಹಗುರವಾದ ಹೊರಪೆಟ್ಟಿಗೆಯ ಸಲುವಾಗಿ ಮಾತ್ರ. ಆದರೆ ಈ ಲೋಹದ ಹೆಚ್ಚು ಕುತೂಹಲಕರವಾದ ಕೆಲಸವಿರುವುದು ಬ್ಯಾಟರಿಯ ಕೋಶದ, ಅಂದರೆ ಸೆಲ್‌ನ, ಒಳಗೆ. ಲಿಥಿಯಂ ಅಯಾನ್ ಕೋಶದ ಸುರುಳಿಯನ್ನು ಪ್ರಯೋಗಾಲಯದಲ್ಲಿ ಬಿಡಿಸಿದಾಗ ಕಪ್ಪು ಲೇಪ ಹಚ್ಚಿದ ಎರಡು ಉದ್ದನೆಯ ಪಟ್ಟಿಗಳು ಕಾಣುತ್ತವೆ. ಲೇಪವಿಲ್ಲದ ಅಂಚನ್ನು ನೋಡಿದರೆ ಒಂದು ತಾಮ್ರದ ಕೆಂಪು, ಇನ್ನೊಂದು ಅಲ್ಯೂಮಿನಿಯಂನ ಬೆಳ್ಳಿಬಿಳುಪು. ತಾಮ್ರದ್ದು ಋಣಾಗ್ರದ ಹಾಳೆ; ಧನಾಗ್ರದ ಲೇಪವನ್ನು ಹೊತ್ತು, ಎಲೆಕ್ಟ್ರಾನುಗಳಿಗೆ ದಾರಿಯಾಗುವ ಈ ಬಿಳಿಯ ಹಾಳೆಯ ದಪ್ಪ ಸುಮಾರು 10ರಿಂದ 20 ಮೈಕ್ರೊಮೀಟರ್, ಅಂದರೆ ಚಪಾತಿ ಸುತ್ತಿಡುವ ಫಾಯಿಲ್‌ನಷ್ಟೇ.

ತಾಮ್ರದ ಸಾಂದ್ರತೆ ಘನ ಸೆಂಟಿಮೀಟರಿಗೆ 8.96 ಗ್ರಾಂ, ಅಲ್ಯೂಮಿನಿಯಂನದು 2.7, ಬೆಲೆಯೂ ಕಡಿಮೆ. ಹಾಗಿದ್ದ ಮೇಲೆ ಎರಡೂ ಕಡೆ ಅಲ್ಯೂಮಿನಿಯಂ ಅನ್ನೇ ಏಕೆ ಹಾಕುವುದಿಲ್ಲ?

ನಿಕ್ಕಲ್ ಬಳಸುವ ಕೋಶಗಳು ಪೂರ್ತಿ ಚಾರ್ಜ್ ಆದಾಗ ಧನಾಗ್ರದ ವಿಭವ (ವೋಲ್ಟ್‌ಗಳಲ್ಲಿ ಅಳೆಯುವ ವಿದ್ಯುತ್ ಮಟ್ಟ), ಲಿಥಿಯಂ ಲೋಹಕ್ಕೆ ಹೋಲಿಸಿದರೆ, 4 ವೋಲ್ಟ್ ದಾಟುತ್ತದೆ. ಅಲ್ಲಿ ತಾಮ್ರವಿದ್ದರೆ ಕರಗತೊಡಗುತ್ತದೆ. ತಾಮ್ರಕ್ಕಿಂತ ಎಷ್ಟೋ ಹೆಚ್ಚು ಕ್ರಿಯಾಶೀಲವಾದ ಅಲ್ಯೂಮಿನಿಯಂ ಅದೇ ಜಾಗದಲ್ಲಿ ಬಾಳಿಕೆ ಬರುವುದು ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ಅದನ್ನು ಕಾಯುವುದು ಗಾಳಿ ಸೋಕಿದೊಡನೆ ಅದರ ಮೈಮೇಲೆ ಮೂಡುವ, ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ. ಹುಣಸೆಹುಳಿ ಹಾಕಿದ ಸಾರನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಿ ಬಿಡಬಾರದೆಂದು ಹಿರಿಯರು ಹೇಳುವುದರ ಹಿಂದೆಯೂ ಈ ಪೊರೆಯೇ ಇದೆ: ಹುಳಿ ಅದನ್ನು ಕರಗಿಸುತ್ತದೆ. ಬ್ಯಾಟರಿಯಲ್ಲಿ ಆಗುವುದು ಇದಕ್ಕೆ ವ್ಯತಿರಿಕ್ತ. ಎರಡು ಅಗ್ರಗಳ ನಡುವೆ ಅಯಾನುಗಳನ್ನು ಸಾಗಿಸುವ ಎಲೆಕ್ಟ್ರೊಲೈಟ್ ದ್ರವದಲ್ಲಿ ಸಾಮಾನ್ಯವಾಗಿ ಬಳಸುವ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್ ಎಂಬ ಲವಣದಿಂದ ಫ್ಲೋರಿನ್ ದೊರೆತು, ಅಲ್ಯೂಮಿನಿಯಂ ಫ್ಲೋರೈಡಿನ ಪದರವೂ ಸೇರಿ ರಕ್ಷಣೆ ಗಟ್ಟಿಯಾಗುತ್ತದೆ. ಈ ಪದರವನ್ನು ಕೊಡದ ಬೇರೆ ಕೆಲವು ಲವಣಗಳನ್ನು ಬಳಸಿದಾಗ ಹಾಳೆಯಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ.

ಋಣಾಗ್ರದ ಕಥೆಯೇ ಬೇರೆ. ಚಾರ್ಜ್ ಮಾಡುವಾಗ ಅಲ್ಲಿನ ವಿಭವ ಲಿಥಿಯಂನ ಮಟ್ಟದ ಹತ್ತಿರಕ್ಕೆ ಇಳಿಯುವುದರಿಂದ, ಅಲ್ಯೂಮಿನಿಯಂ ಹಾಳೆಯಿದ್ದರೆ ಲಿಥಿಯಂ ಅದರೊಳಗೇ ಹೊಕ್ಕು ಮಿಶ್ರಲೋಹವಾಗುತ್ತದೆ. ಹಾಳೆ ಉಬ್ಬಿ, ಬಿರಿದು, ಪುಡಿಯಾಗುತ್ತದೆ. ತಾಮ್ರಕ್ಕೆ ಈ ತೊಂದರೆಯಿಲ್ಲ. ಹೀಗಾಗಿ ಭಾರವಾದರೂ, ದುಬಾರಿಯಾದರೂ ಅಲ್ಲಿ ಅದನ್ನೇ ಬಳಸಬೇಕಾಗಿದೆ.

ಈಗ ವಾಹನಗಳಿಗೂ ಬರತೊಡಗಿರುವ ಸೋಡಿಯಂ ಅಯಾನ್ ಬ್ಯಾಟರಿಯತ್ತ ನನ್ನ ಗಮನ ಹೋಗುವುದು ಇದೇ ಕಾರಣಕ್ಕೆ. ಸೋಡಿಯಂ ಅಲ್ಯೂಮಿನಿಯಂನೊಂದಿಗೆ ಮಿಶ್ರಲೋಹವಾಗುವುದಿಲ್ಲವಾದ್ದರಿಂದ ಎರಡೂ ಕಡೆ ಬಿಳಿಯ ಹಾಳೆಯನ್ನೇ ಹಾಕಬಹುದು. ಲಿಥಿಯಂ ಕೋಶವನ್ನು ಸೊನ್ನೆ ವೋಲ್ಟ್‌ವರೆಗೆ ಬರಿದು ಮಾಡಿದರೆ ಋಣಾಗ್ರದ ವಿಭವ ಮೇಲೇರಿ, ತಾಮ್ರ ಕರಗಿ ಕೋಶವೇ ಕೆಡುತ್ತದೆ. ತಾಮ್ರವಿಲ್ಲದ ಸೋಡಿಯಂ ಕೋಶವನ್ನಾದರೆ ಹಾಗೆ ಬರಿದು ಮಾಡಿಯೇ ಲಾರಿಗೆ ಹೇರಿ ಸುರಕ್ಷಿತವಾಗಿ ಸಾಗಿಸಬಹುದು.