ಗಾಳಿ ರೈಫಲ್‌ಗೆ ಅಷ್ಟು ದಪ್ಪ ನಳಿಗೆ ಯಾಕೆ?

ದಸರಾ ವಸ್ತುಪ್ರದರ್ಶನದಲ್ಲಿ ಬಲೂನು ಒಡೆಯುವ ಏರ್ ಗನ್ ಮೈಸೂರಿನವರಿಗೆ ಹೊಸದಲ್ಲ. ಅದರ ಗುಂಡು 4.5 ಮಿ.ಮೀ. ದಪ್ಪ, ಸುಮಾರು ಅರ್ಧ ಗ್ರಾಂ ತೂಕ. ಅಮೆರಿಕದ ಹಲವು ರಾಜ್ಯಗಳಲ್ಲಿ ಗಾಳಿಯ ಬಲದಿಂದಲೇ ಜಿಂಕೆ, ಹಂದಿಗಳನ್ನು ಬೇಟೆಯಾಡುತ್ತಾರೆ. ಅವರ ಕೈಯಲ್ಲಿರುವುದು ಬಿಗ್ ಬೋರ್ ಏರ್ ರೈಫಲ್, ಅಂದರೆ ದಪ್ಪ ನಳಿಗೆಯ ಗಾಳಿ ರೈಫಲ್. ನಳಿಗೆಯ ಒಳಗಲ 9 ಮಿ.ಮೀ.ನಿಂದ 12.7 ಮಿ.ಮೀ.ವರೆಗೂ ಇರುತ್ತದೆ.

ಇದೇನೂ ಈಗಿನ ಹುಚ್ಚಲ್ಲ. 1780ರ ಸುಮಾರಿಗೆ ಶ್ರೀರಂಗಪಟ್ಟಣದ ಸೈನ್ಯ ಮದ್ದು ತುಂಬಿದ ಕಬ್ಬಿಣದ ರಾಕೆಟ್ ಹಾರಿಸುತ್ತಿತ್ತು. ಅದೇ ಕಾಲದಲ್ಲಿ ಆಸ್ಟ್ರಿಯಾದ ಸೈನ್ಯ ಜಿರಂಡೋನಿ ಎಂಬಾತ ಮಾಡಿದ ಗಾಳಿ ರೈಫಲ್ ಬಳಸಲು ಶುರು ಮಾಡಿತು. ಹೊಗೆ ಇಲ್ಲ, ಮದ್ದು ನೆನೆಯುವ ಚಿಂತೆ ಇಲ್ಲ. ಆದರೆ ಗಾಳಿ ತುಂಬಲು ಸಾವಿರಕ್ಕೂ ಜಾಸ್ತಿ ಸಲ ಪಂಪು ಹೊಡೆಯಬೇಕಿತ್ತು!

ಕೊಳ್ಳುವವರು ಮೊದಲು ಕೇಳುವುದು ವೇಗ. ನನಗನಿಸುವಂತೆ ಅದು ತಪ್ಪು ಪ್ರಶ್ನೆ. ಮದ್ದು ಉರಿದಾಗ ಬರುವ ಅನಿಲ ಸಾವಿರಾರು ಡಿಗ್ರಿ ಬಿಸಿ. ಹಾಗಾಗಿ ಅದು ಗುಂಡನ್ನು ಸೆಕೆಂಡಿಗೆ 800 ಮೀಟರಿಗೂ ಮೀರಿ ದೂಡಬಲ್ಲದು. ಏರ್ ರೈಫಲ್‌ನ ಟ್ಯಾಂಕಿನಲ್ಲಿ ಒತ್ತಿ ತುಂಬಿದ ಗಾಳಿ ತಣ್ಣಗಿರುತ್ತದೆ, ಹಿಗ್ಗುತ್ತಾ ಇನ್ನೂ ತಣ್ಣಗಾಗುತ್ತದೆ. ಭಾರದ ಗುಂಡನ್ನು ಅದು ದೂಡುವುದು ಸೆಕೆಂಡಿಗೆ 200–300 ಮೀಟರ್ ವೇಗದಲ್ಲಿ. ವೇಗ ಏರದಿದ್ದರೆ ತೂಕ ಏರಿಸಬೇಕು, ಅಲ್ವಾ? ದಪ್ಪ ನಳಿಗೆಯ ಗುಟ್ಟು ಅದೇ. ಗುಂಡಿನ ಹಿಂಬದಿ ಅಗಲವಾದಷ್ಟೂ ಗಾಳಿಗೆ ಒತ್ತಲು ಜಾಗ ಜಾಸ್ತಿ. 4.5ರಿಂದ 12.7 ಮಿ.ಮೀ.ಗೆ ಹೋದರೆ ಆ ಜಾಗ ಸುಮಾರು 8 ಪಟ್ಟು. 200 ಬಾರ್ ಒತ್ತಡದಲ್ಲಿ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟಿನಲ್ಲಿ, ಆ ದಪ್ಪ ಗುಂಡಿನ ಬೆನ್ನಿಗೆ ಬೀಳುವುದು ಎರಡೂವರೆ ಕ್ವಿಂಟಲ್ ಭಾರ! 22 ಗ್ರಾಂ ಗುಂಡು ಸೆಕೆಂಡಿಗೆ 230 ಮೀಟರ್ ಹೋದರೆ ಶಕ್ತಿ 580 ಜೂಲ್.

ನಮ್ಮಲ್ಲಿ 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ 20 ಜೂಲ್ ದಾಟಿದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದರೂ ಮಂಡ್ಯದ ಕಬ್ಬಿನ ಗದ್ದೆಗೆ ನುಗ್ಗುವ ಹಂದಿಯನ್ನು ಸುಮ್ನೆ ಹೊಡೆಯುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಆದ್ದರಿಂದ ಆಯ್ಕೆಯ ತಲೆನೋವು ಬೇಟೆಗೆ ಅನುಮತಿ ಇರುವ ದೇಶದವರದ್ದು.

ಅವರ ಮುಖ್ಯ ಲೆಕ್ಕ ಗಾಳಿಯದ್ದು. ದೊಡ್ಡ ನಳಿಗೆ ಗಾಳಿ ಕುಡಿಯುತ್ತದೆ. ಒಮ್ಮೆ ತುಂಬಿದರೆ ಒಳ್ಳೆಯ ಹೊಡೆತ ಸಿಗುವುದು ಎರಡೋ ನಾಲ್ಕೋ, ಆಮೇಲೆ ಒತ್ತಡ ಇಳಿದು ಗುಂಡು ಗುರಿಗಿಂತ ಕೆಳಗೆ ಬೀಳತೊಡಗುತ್ತದೆ. ಹಾಗಂತ ಅಳತೆ ಮೀರಿ ತುಂಬಿದರೂ ಕಷ್ಟ. ಟ್ಯಾಂಕಿನ ಒತ್ತಡವೇ ಗಾಳಿ ಬಿಡುವ ವಾಲ್ವನ್ನು ಒತ್ತಿ ಹಿಡಿಯುತ್ತದೆ, ಟ್ರಿಗರ್ ಎಳೆದಾಗ ರೈಫಲ್ ಒಳಗಿನ ಸುತ್ತಿಗೆ ಬಡಿದರೂ ವಾಲ್ವ್ ಪೂರ್ತಿ ತೆರೆಯದು, ಮೊದಲ ಗುಂಡೇ ನಿಧಾನ.

ಇನ್ನು ದೂರ. ಸೆಕೆಂಡಿಗೆ 230 ಮೀಟರ್ ವೇಗದ ಗುಂಡು 50 ಮೀಟರ್ ಹೋಗುವಷ್ಟರಲ್ಲಿ ಕಾಲು ಮೀಟರ್ ಇಳಿಯುತ್ತದೆ, 100 ಮೀಟರಿಗೆ ಹತ್ತಿರ ಹತ್ತಿರ ಒಂದು ಮೀಟರ್. ಪ್ರಾಣಿ 80 ಮೀಟರಿನಲ್ಲಿದೆ ಎಂದುಕೊಂಡು ಹೊಡೆದಾಗ ಅದು 100ರಲ್ಲಿದ್ದರೆ ಪೆಟ್ಟು ಒಂದು ಗೇಣು ಕೆಳಗೆ ಬೀಳುತ್ತದೆ. ಎದೆಗೆ ಇಟ್ಟ ಗುರಿ ಕಾಲಿಗೆ ತಗುಲುತ್ತದೆ, ಪ್ರಾಣಿ ನರಳುತ್ತಾ ಓಡುತ್ತದೆ. ನನ್ನನ್ನು ಕೇಳಿದರೆ, ಗುರಿ ನೋಡುವ ದುಬಾರಿ ಸ್ಕೋಪಿಗಿಂತ ಮೊದಲು ದೂರ ಅಳೆಯುವ ಲೇಸರ್ ಯಂತ್ರಕ್ಕೆ ದುಡ್ಡು ಹಾಕಬೇಕು.